ಡೈರಿ ಗುಂಪಿಗೆ ಹೋದ ಹೋಂವರ್ಕು

ನನ್ನ ಒಂಬತ್ತನೇ ತರಗತಿಯಲ್ಲಿ ಒಂದು ಟ್ರಾಕ್ಟರು ಓದುತ್ತದೆ. ನಂಬಿ, ಬಲು ಜಾಣ ಟ್ರಾಕ್ಟರು. ಅದರ ಜೊತೆಗೆ ಒಬ್ಬರು ಮೀಸೆಯ ಗೌಡರು, ಒಂದು ಜೋಡೆತ್ತು, ಮೇಲುಕೋಟೆಯ ಗೋಪುರ. ವಿಜ್ಞಾನದ ಪಾಠಕ್ಕೆಂದು ನಾನು ವಾಟ್ಸಾಪ್ ಗುಂಪು ಕಟ್ಟಿದಾಗ ಬಂದು ಸೇರಿದವರು ಇವರೇ. ಸಿಂಧಘಟ್ಟದ ಕಡೆಯ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗೆ ಒಂದೇ ಫೋನು. ಅದು ಅಪ್ಪನ ಜೇಬಿನ ಸ್ವತ್ತು. ಹಾಗಾಗಿ ಉತ್ತರ ಮಗುವಿನದು, ಹೆಸರಿನ ಪಕ್ಕದ ಪ್ರೊಫೈಲ್ ಚಿತ್ರ ಅಪ್ಪನದು. "ಗೋಪುರ ಇನ್ನೂ ಹೋಂವರ್ಕು ಕಳಿಸಿಲ್ಲ" ಎಂದು ಗದರಿಸಿ, ಆಮೇಲೆ ಕೆನ್ನೆ ಕೆನ್ನೆ ಬಡಿದುಕೊಂಡದ್ದೂ ಉಂಟು.

"ಊರ ಬಾಯಿಗೆ ಮುಚ್ಚಳ ಇಲ್ಲ ಕಣಪ್ಪ" ಎನ್ನುತ್ತಿದ್ದರು ನನ್ನಜ್ಜಿ. ಅವರ ಕಾಲದಲ್ಲಿ ಬಾವಿಕಟ್ಟೆಯಲ್ಲಿ ಹೊರಟ ಸುದ್ದಿ ಊರು ಸುತ್ತುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ನಡುವೆ ಯಾರಾದರೊಬ್ಬ ಪುಣ್ಯಾತ್ಮ ಮರೆತೂ ಬಿಡುತ್ತಿದ್ದ. ಫೋನಿಗೆ ಆ ಪುಣ್ಯವಿಲ್ಲ.

ಸಾಂದ್ರತೆಯ ಪಾಠ ನಡೆದಿತ್ತು. ಎಳನೀರು ಕುಡಿಯುವ ಸ್ಟ್ರಾದ ತುದಿಗೆ ಜೇಡಿಮಣ್ಣು ಮೆತ್ತಿ ಹಾಲಿನಲ್ಲಿ ತೇಲಿಬಿಡಿ, ನೀರು ಬೆರೆಸಿದರೆ ಇನ್ನಷ್ಟು ಮುಳುಗುತ್ತದೆ, ವಿಡಿಯೋ ಮಾಡಿ ಗುಂಪಿಗೆ ಹಾಕಿ ಎಂದಿದ್ದೆ. ಟ್ರಾಕ್ಟರು, ಅಂದರೆ ಪುಟ್ಟೇಗೌಡರ ಮಗಳು ರಮ್ಯಾ, ಎಲ್ಲರಿಗಿಂತ ಮೊದಲು ಮಾಡಿದಳು. "ಸಾರ್, ಇದು ನಮ್ಮನೆ ಹಾಲು. ಈಗ ನೋಡಿ, ಇದಕ್ಕೆ ನೀರು ಬೆರೆಸ್ತೀನಿ!" ಅವಸರದಲ್ಲಿ ಹಾಕಿದ್ದು ಮಾತ್ರ ಅಪ್ಪನ ಫೋನಿನಲ್ಲಿ ಮೇಲುಗಡೆಯೇ ಇದ್ದ ಹಾಲಿನ ಡೈರಿಯ ಗುಂಪಿಗೆ.

ಮಾರನೆಯ ಬೆಳಿಗ್ಗೆ ಹಾಲು ಹಾಕುವ ಸಾಲಿನಲ್ಲಿ ಪುಟ್ಟೇಗೌಡರ ಹಿಂದೆ ನಿಂತಿದ್ದ ಸಿದ್ದಣ್ಣ ಕೂಗಿದನಂತೆ: "ಕದ್ದು ನೀರ್ ಬೆರ್ಸೋರ್ನ ಕಂಡಿದ್ದೆ ಕಣ್ಲಾ ಪುಟ್ಟ, ವಿಡಿಯೋ ಮಾಡ್ಕಂಡು ಬೆರ್ಸೋದ್ನ ಇವತ್ತೇ ಕಂಡಿದ್ದು!" ಇಡೀ ಸಾಲು ಬಿದ್ದು ಬಿದ್ದು ನಕ್ಕಿತಂತೆ.

ಪುಟ್ಟೇಗೌಡರು ನಗಲಿಲ್ಲ. ಖಾಲಿ ಕ್ಯಾನು ಹಿಡಿದು ನೇರ ಶಾಲೆಗೇ ಬಂದರು. "ಮೇಷ್ಟ್ರೇ, ನಮ್ಮಪ್ಪನ ಕಾಲ್ದಿಂದ ಆಲು ಆಕ್ತಾ ಇವ್ನಿ. ಒಂದ್ ತೊಟ್ಟು ನೀರ್ ಬೆರ್ಸಿಲ್ಲ. ಇನ್ಮ್ಯಾಕೆ ಮಗೀನ ಫೋನ್ ಮುಟ್ಟಕ್ ಬುಡಾಕಿಲ್ಲ. ಪಾಠನ ಬೋರ್ಡ್ ಮ್ಯಾಲೇ ಏಳ್ಕೊಡಿ."

ಕಂಬದ ಹಿಂದೆ ನಿಂತಿದ್ದ ರಮ್ಯಾಳ ಕಣ್ಣು ತುಂಬಿತ್ತು. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿ. ಅವಳ ದನಿ ನಾನು ಕೇಳಿದ್ದೇ ಫೋನಿನಲ್ಲಿ. ಫೋನು ಹೋದರೆ ಆ ದನಿಯೂ ಹೋದಂತೆಯೇ.

ಮರುದಿನ, ಅದು ನಾನೇ ಕೊಟ್ಟ ಹೋಂವರ್ಕು ಎಂದು ತಿಳಿಸಲು ಡೈರಿಗೆ ಹೋದೆ. ಸೊಗಸಾದ ಭಾಷಣವನ್ನೇ ಸಿದ್ಧಮಾಡಿಕೊಂಡಿದ್ದೆ. "ಸಾಂದ್ರತೆ ಎಂದರೆ..." ಅನ್ನುವಷ್ಟರಲ್ಲಿ ಯಾರೋ ಆಕಳಿಸಿದರು. ಆಗ ಅಪ್ಪನ ಬೆನ್ನ ಹಿಂದಿದ್ದ ರಮ್ಯಾ ಮುಂದೆ ಬಂದಳು. ಲೋಟಕ್ಕೆ ಅಪ್ಪನ ಕ್ಯಾನಿನ ಹಾಲು ಸುರಿದು, ಮಣ್ಣು ಮೆತ್ತಿದ ಸ್ಟ್ರಾ ಬಿಟ್ಟಳು. ಅದು ತಲೆಯೆತ್ತಿ ನಿಂತಿತು.

"ಇದು ನಮ್ಮಪ್ಪನ ಹಾಲು" ಎಂದಳು, ಸಾಲಿನ ಕೊನೆಗೂ ಕೇಳುವಂತೆ. ಆಮೇಲೆ ಸಿದ್ದಣ್ಣನ ಕಡೆ ತಿರುಗಿ, "ಮಾವ, ನಿಮ್ದೂ ಒಸಿ ಕೊಡಿ."

ಈ ಸಲ ಸ್ಟ್ರಾ ಕುತ್ತಿಗೆಯವರೆಗೆ ಮುಳುಗಿತು.

"ನಮ್ ಎಮ್ಮೆ ಒಸಿ ಜಾಸ್ತಿ ನೀರ್ ಕುಡೀತದೆ ಕಣವ್ವ" ಎಂದ ಸಿದ್ದಣ್ಣ. ಎಲ್ಲರಿಗಿಂತ ಮೊದಲು ನಕ್ಕವರು ಪುಟ್ಟೇಗೌಡರು.

ಸಂಜೆ ನಮ್ಮ ಗುಂಪಿನಲ್ಲಿ ಟ್ರಾಕ್ಟರು ಮಾತಾಡಿತು. ದನಿ ಅಪ್ಪನದು: "ಮೇಷ್ಟ್ರೇ, ಮುಂದಿನ್ ಪ್ರಯೋಗ ಏನು ಅಂತ ಮದ್ಲೇ ಏಳ್ಬುಡಿ. ಡೈರಿ ಗುಂಪ್ನೋರೆಲ್ಲ ಕೇಳ್ತಾವ್ರೆ, ಸಿದ್ದನ್ ಒಬ್ಬನ್ ಬುಟ್ಟು." ಹಿಂದೆ ರಮ್ಯಾ ನಗುವುದು ಕೇಳುತ್ತಿತ್ತು.

ಊರ ಬಾಯಿಗೆ ಮುಚ್ಚಳ ಇಲ್ಲ ಎಂದು ಅಜ್ಜಿ ಹೇಳಿದ್ದು ಸರಿಯೇ. ಆದರೆ ಮುಚ್ಚಳ ಹಾಕಿದ ಕ್ಯಾನಿಗೆ ಹಾಲು ತುಂಬುವುದೂ ಆಗದು ನೋಡಿ.