‘ಹೂಂ’ ಅಂದರೆ ಹೌದಾ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಗೆಯುವ ಯಂತ್ರಗಳು ಆಗಲೇ ಒಂದು ಸುತ್ತು ಮುಗಿಸಿವೆ. ಬಾಗಿಲು ತೆಗೆದರೆ ಸೋಪಿನ ಬಿಸಿ ಹಬೆ ಮುಖಕ್ಕೆ ರಾಚುತ್ತದೆ. ಉದ್ದನೆಯ ಮೇಜಿನ ಬಳಿ ಇಬ್ಬರು ಹೆಂಗಸರು ಬೆಡ್‌ಶೀಟಿನ ಎರಡು ತುದಿ ಹಿಡಿದು ನಿಂತಿದ್ದಾರೆ. ಒಮ್ಮೆ ಜಾಡಿಸಿ, ಉದ್ದಕ್ಕೆ ಮಡಿಸಿ, ಎದುರುಬದುರಾಗಿ ನಡೆದು ಬಂದು ಅಂಚಿಗೆ ಅಂಚು ಕೂಡಿಸುತ್ತಾರೆ. ಇಬ್ಬರಲ್ಲಿ ಗಿಡ್ಡಗಿರುವವರು, ತಲೆಗೆ ನೀಲಿ ಬಟ್ಟೆ ಕಟ್ಟಿಕೊಂಡವರು, ನಾನು ನೋಡಲು ಬಂದವರು. ಇಲ್ಲಿ ಎಲ್ಲರೂ ಅವರನ್ನು ‘ಅಕ್ಕ’ ಎನ್ನುತ್ತಾರೆ. ನಮ್ಮ ಭಾಷೆಯ ಗಂಧವಿಲ್ಲದ ಡಾಕ್ಟರುಗಳು ಅದೇ ಅವರ ಹೆಸರೆಂದು ತಿಳಿದಿದ್ದಾರೆ. “ನಾನೂ ತಿದ್ದೋಕೆ ಹೋಗಿಲ್ಲ. ಅಷ್ಟು ಓದಿದೋರು ಅಕ್ಕ ಅಂದ್ರೆ ಯಾರಿಗೆ ಬೇಡ?” ಎಂದು ನಗುತ್ತಾರೆ.

ಮದುವೆಯಾಗಿ ಈ ದೂರದ ದೇಶಕ್ಕೆ ಬಂದಾಗ ಅಕ್ಕನಿಗೆ ಇಲ್ಲಿನ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಒಮ್ಮೆ ಅಂಗಡಿಯಲ್ಲಿ ಉಪ್ಪು ಬೇಕೆಂದು ನಾಲಿಗೆ ಮುಟ್ಟಿ ಮುಖ ಕಿವುಚಿ ತೋರಿಸಿದರೆ, ಅಂಗಡಿಯವನು ಹಲ್ಲುನೋವಿನ ಮಾತ್ರೆ ಕೊಟ್ಟು ಕಳಿಸಿದ್ದನಂತೆ. ಗಂಡ ಕೊಳಾಯಿ ರಿಪೇರಿಯವರು; ಬೆಳಗಾದರೆ ಹೊರಟುಬಿಡುತ್ತಿದ್ದರು. ಬೀದಿಯ ಜನರ ಬಾಯಿ ನೋಡಿ ನೋಡಿಯೇ ಅಕ್ಕ ಮಾತು ಕಲಿತರು. ಆಮೇಲೆ ಈ ಕೆಲಸ ಸಿಕ್ಕಿತು. ದಿನಕ್ಕೆ ಸಾವಿರಕ್ಕೂ ಹೆಚ್ಚು ಬೆಡ್‌ಶೀಟುಗಳು ಇಲ್ಲಿ ಒಗೆದು, ಒಣಗಿ, ಮಡಿಕೆಯಾಗಿ ಮೇಲಿನ ವಾರ್ಡುಗಳಿಗೆ ಹೋಗುತ್ತವೆ. ಸೋಪಿಗೆ ಅವರ ಬೆರಳ ಸಂದಿಗಳು ಬಿರಿದಿವೆ. ಬಲ ಮೊಣಕೈ ಸಂಜೆಯ ಹೊತ್ತಿಗೆ ಮಾತು ಕೇಳುವುದಿಲ್ಲ.

ವಾರಕ್ಕೊಂದು ರಜೆ. ಆ ದಿನ ಅಕ್ಕ ಎರಡು ಬಸ್ಸು ಬದಲಿಸಿ ಊರಾಚೆಯ ಜೈಲಿಗೆ ಹೋಗುತ್ತಾರೆ. ಅಲ್ಲಿರುವವನು ಅವರಿಗೆ ಬಂಧುವಲ್ಲ, ಬಳಗವಲ್ಲ. ಪ್ರವಾಸಿ ತಂಡಗಳ ಜೊತೆ ಹೋಗಿ ಅವರಿಗೆ ಬೇಯಿಸಿ ಹಾಕುತ್ತಿದ್ದ ಅಡುಗೆಯವನು. ಈ ಊರಿನ ವಿಮಾನ ನಿಲ್ದಾಣದಲ್ಲಿ ಅವನ ಹೆಸರಿನಲ್ಲಿದ್ದ ಸಾಮಾನಿನ ಪೆಟ್ಟಿಗೆಯ ತಳದಲ್ಲಿ, ಹಿಟ್ಟಿನ ಪೊಟ್ಟಣಗಳ ನಡುವೆ, ಮಾದಕ ಪುಡಿ ಸಿಕ್ಕಿತು. ಪೆಟ್ಟಿಗೆ ತುಂಬಿದವನು ತಂಡದ ಮ್ಯಾನೇಜರು ಎಂದು ಅವನು ಹೇಳುತ್ತಾನೆ. ಮ್ಯಾನೇಜರು ಮರುದಿನವೇ ವಿಮಾನ ಹತ್ತಿ ಹೋದ. ಅವನನ್ನು ಯಾರೂ ವಿಚಾರಿಸಲಿಲ್ಲ. ಅಡುಗೆಯವನಿಗೆ ಹದಿನಾಲ್ಕು ವರ್ಷ ಶಿಕ್ಷೆಯಾಯಿತು. ಪೊಲೀಸರ ಮುಂದೆ ಅವನೇ ಒಪ್ಪಿಕೊಂಡಿದ್ದಾನೆ ಎಂಬುದು ತೀರ್ಪಿನ ಮುಖ್ಯ ಆಧಾರ.

ಅಕ್ಕ ಅವನನ್ನು ಮೊದಲು ಕಂಡಿದ್ದು ಇದೇ ಆಸ್ಪತ್ರೆಯಲ್ಲಿ, ಕರುಳಿನ ಶಸ್ತ್ರಚಿಕಿತ್ಸೆಗೆಂದು ಅವನನ್ನು ಜೈಲಿನಿಂದ ತಂದಿದ್ದಾಗ. ಮಂಚದ ಕಂಬಿಗೆ ಕೈಕೋಳ, ಬಾಗಿಲಲ್ಲಿ ಕಾವಲಿನವನು. ಒಗೆದ ಬಟ್ಟೆಯ ಗಾಡಿ ತಳ್ಳಿಕೊಂಡು ಹೋದ ಅಕ್ಕನಿಗೆ, ಗೋಡೆಯ ಕಡೆ ತಿರುಗಿದ್ದ ರೋಗಿ “ಸಾಕಪ್ಪಾ, ಸಾಕು” ಎಂದು ನಮ್ಮ ಮಾತಿನಲ್ಲಿ ಗೊಣಗಿದ್ದು ಕೇಳಿಸಿತು. ಏನು ಸಾಕು ಎಂದು ಇವರು ಕೇಳಿದರು. ಅವನು ತಿರುಗಿ ನೋಡಿದ. ಸಿಕ್ಕಿಬಿದ್ದ ಮೇಲೆ ಅವನ ಭಾಷೆಯಲ್ಲಿ ಅವನನ್ನು ಯಾರಾದರೂ ಎದುರಿಗೆ ನಿಂತು ಏನಾದರೂ ಕೇಳಿದ್ದು ಅದೇ ಮೊದಲು.

ಮೇಲ್ಮನವಿಗೆಂದು ಸರ್ಕಾರ ಕೊಟ್ಟಿದ್ದ ವಕೀಲೆ ನರ್ಸುಗಳಿಂದ ಈ ವಿಷಯ ತಿಳಿದು ಅಕ್ಕನನ್ನು ಹುಡುಕಿಕೊಂಡು ಬಂದರು. ಪೊಲೀಸ್ ವಿಚಾರಣೆಯ ಧ್ವನಿಮುದ್ರಿಕೆ ಕೇಳಿಸಿದರು. ಅದರಲ್ಲಿ ದುಭಾಷಿ ಫೋನಿನಲ್ಲಿದ್ದಾನೆ. ಅವನ ಮಾತೃಭಾಷೆ ಬೇರೆ, ನಮ್ಮದು ಅರೆಬರೆ. ಪೆಟ್ಟಿಗೆ ನಿನ್ನದು, ನೀನೇ ತುಂಬಿದೆ, ಒಳಗೇನಿದೆಯೆಂದು ನಿನಗೆ ಗೊತ್ತಿತ್ತು ಎಂದು ಒಂದೊಂದಾಗಿ ಓದುತ್ತಾನೆ. ಪ್ರತಿ ಸಾಲಿಗೂ ಅಡುಗೆಯವನು “ಹೂಂ” ಎನ್ನುತ್ತಾನೆ. ದುಭಾಷಿ ಪ್ರತಿ ಸಲವೂ ಅದನ್ನು ‘ಹೌದು’ ಎಂದು ತಿಳಿಸುತ್ತಾನೆ.

“ಅದು ಹೌದು ಅನ್ನೋ ಹೂಂ ಅನ್ನಿಸಲಿಲ್ಲ ನನಗೆ. ಆಮೇಲೆ ಅನ್ನೋ ಹೂಂ,” ಎನ್ನುತ್ತಾರೆ ಅಕ್ಕ. “ಕತೆ ಕೇಳೋರು ಹೂಂಗುಟ್ಟಲ್ವಾ, ಹಾಗೆ. ನೀವು ಹೇಳಿ ಮುಗಿಸಿ, ಆಮೇಲೆ ನಾನು ಹೇಳ್ತೀನಿ ಅಂತ ಕಾದಿದ್ದಾನೆ. ಅವನ ಸರದಿ ಬರಲೇ ಇಲ್ಲ.”

ಸಾಕ್ಷಿ ಹೇಳಲು ಒಪ್ಪಿದ್ದೇ ಮನೆಯಲ್ಲಿ ಮುಖಗಳು ಗಂಟಿಕ್ಕಿದವು. ಊರ ಉಸಾಬರಿ ನಮಗೇಕೆ, ನಾಳೆ ಪೊಲೀಸರು ನಮ್ಮ ಬಾಗಿಲು ತಟ್ಟಿದರೆ ಮಗಳ ಗತಿಯೇನು ಎಂದು ಗಂಡ ಕೇಳಿದರು. ಅದಕ್ಕಿಂತ ಕಷ್ಟವಾಗಿದ್ದು ಕೆಲಸದ ಜಾಗದಲ್ಲಿ. ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿಯುವ ಗೆಳತಿಯ ಮಗ ಇಂಥದೇ ಪುಡಿಗೆ ಬಿದ್ದು ಸತ್ತವನು. ಅವನು ಕೊನೆಯುಸಿರೆಳೆದ ಹಾಸಿಗೆಯ ಬಟ್ಟೆ ಇದೇ ಯಂತ್ರದಲ್ಲಿ ಒಗೆಯಲ್ಪಟ್ಟಿತ್ತು. ವಿಷಯ ಕಿವಿಗೆ ಬಿದ್ದ ದಿನ ಆಕೆ ಹಿಡಿದ ತುದಿಯನ್ನು ಮೇಜಿನ ಮೇಲಿಟ್ಟು ಬೇರೆ ಮೇಜಿಗೆ ಹೋದರು. ತಿಂಗಳುಗಟ್ಟಲೆ ಅಕ್ಕ ಒಂದು ತುದಿಯನ್ನು ಗದ್ದಕ್ಕೆ ಒತ್ತಿಕೊಂಡು ಒಬ್ಬರೇ ಮಡಿಸಿದರು.

“ಅವಳ ಮೇಲೆ ನನಗೆ ಕೋಪ ಇರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ರೆ ನಾನೂ ಹೋಗ್ತಿದ್ದೆ. ಆದ್ರೆ ಅವನ ಮಾತು ಯಾರೂ ಕೇಳಿಲ್ಲ ಅಂತ ಗೊತ್ತಾದ ಮೇಲೆ ಸುಮ್ಮನಿರೋದು ಹೇಗೆ?”

ಮೇಲ್ಮನವಿಯ ವಿಚಾರಣೆಯ ದಿನ ಮೂವರು ನ್ಯಾಯಾಧೀಶರ ಮುಂದೆ ಧ್ವನಿಮುದ್ರಿಕೆ ಹಾಕಿದರು. ಅಕ್ಕ ತಮಗೆ ತಿಳಿದಂತೆ ವಿವರಿಸಿದರು. ಆಮೇಲೆ ಸರ್ಕಾರದ ವಕೀಲರು ಎದ್ದು, ನಿಮ್ಮ ಭಾಷೆಯಲ್ಲಿ ‘ಹೂಂ’ ಎಂದರೆ ಎಂದಾದರೂ ‘ಹೌದು’ ಎಂದಾಗುತ್ತದೆಯೇ ಎಂದು ಮೆತ್ತಗೆ ಕೇಳಿದರು. ಅಡುಗೆಯವನ ವಕೀಲೆ ತಲೆ ತಗ್ಗಿಸಿದರು. ಕಟಕಟೆಯಲ್ಲಿದ್ದ ಅವನು, ಪ್ರಶ್ನೆ ತಿಳಿಯದೆ, ಅಕ್ಕನನ್ನೇ ನೋಡುತ್ತಿದ್ದ. ಅಕ್ಕ ಇಲ್ಲ ಎಂದುಬಿಟ್ಟರೆ ಆ ಸುಳ್ಳನ್ನು ಹಿಡಿಯಲು ನಮ್ಮ ಭಾಷೆ ಬಲ್ಲವರು ಅಲ್ಲಿ ಬೇರೆ ಯಾರೂ ಇರಲಿಲ್ಲ.

“ಆಗುತ್ತೆ. ಕೆಲವು ಸಲ,” ಎಂದರು ಅಕ್ಕ.

ಹಾಗಾದರೆ ಇವನದು ಯಾವುದು ಎಂದು ವಕೀಲರು ಕೇಳಿದರು.

“ಅದನ್ನ ಅವನನ್ನೇ ಕೇಳಬೇಕಿತ್ತು. ಯಾರೂ ಕೇಳಲಿಲ್ಲ.”

ಇಬ್ಬರು ನ್ಯಾಯಾಧೀಶರು ಶಿಕ್ಷೆಯನ್ನು ಎತ್ತಿಹಿಡಿದರು. ಪೆಟ್ಟಿಗೆ ಅವನ ಹೆಸರಲ್ಲಿತ್ತು, ಅಷ್ಟು ಸಾಕು ಎಂದರು. ಮೂರನೆಯವರು ಒಪ್ಪಲಿಲ್ಲ, ಅರ್ಥವಾಗದ ಮಾತಿಗೆ ಹೂಂಗುಟ್ಟಿದ್ದು ತಪ್ಪೊಪ್ಪಿಗೆಯಲ್ಲ ಎಂದು ಬರೆದರು. ಆ ಒಂದು ಭಿನ್ನಮತದ ಎಳೆ ಹಿಡಿದು ವಕೀಲೆ ಮೇಲಿನ ನ್ಯಾಯಾಲಯಕ್ಕೆ ಹೋದರು. ಅಲ್ಲಿ ಪ್ರಕರಣವನ್ನು ವಿಚಾರಣೆಗೆ ತೆಗೆದುಕೊಂಡಿದ್ದಾರೆ. ಇನ್ನೂ ದಿನ ಗೊತ್ತಾಗಿಲ್ಲ. ಅಡುಗೆಯವನು ಜೈಲಿನಲ್ಲೇ ಇದ್ದಾನೆ, ಅಲ್ಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾನೆ. ಮೊಂಡು ಚಾಕುವಿನದೇ ಅವನಿಗೆ ದೊಡ್ಡ ದೂರು.

ಅಕ್ಕ ಸಾಕ್ಷಿ ಹೇಳಿದ ದಿನ ನ್ಯಾಯಾಲಯದ ಹಿಂದಿನ ಸಾಲಿನಲ್ಲಿ ಅಕ್ಕನ ಗೆಳತಿಯೂ ಬಂದು ಕುಳಿತಿದ್ದರಂತೆ. ಮರುದಿನ ಬೆಳಿಗ್ಗೆ ಅವರು ಮೇಜು ಬದಲಿಸಿ ಬಂದು ಬೆಡ್‌ಶೀಟಿನ ತುದಿ ಎತ್ತಿಕೊಂಡರು. ಯಾಕೆ ಎಂದು ನಾನು ಕೇಳಿದಾಗ ಅವರು ಇಲ್ಲಿನ ಭಾಷೆಯಲ್ಲಿ ಚಿಕ್ಕದಾಗಿ ಉತ್ತರಿಸಿದರು. ನನಗೆ ಅನುವಾದಿಸಿ ಹೇಳಬೇಕಾದ ಅಕ್ಕ ಸಂಕೋಚದಿಂದ ಏನೂ ಇಲ್ಲ ಬಿಡಿ ಎಂದರು. ನಾನು ಬಿಡಲಿಲ್ಲ. “ನಾನು ಸುಳ್ಳು ಹೇಳ್ತೀನಿ ಅಂತ ಕಾದು ಕೂತಿದ್ದಳಂತೆ. ಹೇಳಲಿಲ್ವಂತೆ,” ಎಂದು ಯಂತ್ರದ ಕಡೆ ತಿರುಗಿಕೊಂಡರು.

ಅವನು ನಿರಪರಾಧಿ ಎಂದು ನಿಮಗೆ ನಂಬಿಕೆಯಿದೆಯೇ? ಈ ಪ್ರಶ್ನೆಗೆ ಅಕ್ಕ ಅವಸರ ಮಾಡುವುದಿಲ್ಲ. “ಎದೆ ತಟ್ಟಿ ಹೇಳಲಾರೆ. ಪೆಟ್ಟಿಗೆ ಕೀಲಿ ಅವನ ಹತ್ರಾನೂ ಒಂದಿತ್ತು. ನಾನೇ ಕೇಳಿದೆ. ‘ಇತ್ತು ಅಕ್ಕ, ದಿನಾ ತೆಗೀತಿದ್ದೆ, ತಳದವರೆಗೆ ನೋಡಲಿಲ್ಲ’ ಅಂದ. ನಿಜ ಅನ್ಸುತ್ತೆ. ಒಂದೊಂದು ದಿನ ಅನ್ಸಲ್ಲ. ಅದನ್ನ ತೂಗೋಕೆ ಅಂತಾನೇ ಕೋರ್ಟು ಇರೋದು. ಒಂದೇ ತಟ್ಟೆ ಇಟ್ಕೊಂಡು ತೂಗಬೇಡಿ ಅಂದೆ, ಅಷ್ಟೇ.”

ಗಂಡ ಈಗ ಜೈಲಿನ ಬಸ್ಸಿನವರೆಗೆ ಬಿಡಲು ಬರುತ್ತಾರೆ, ಗೊಣಗುತ್ತಲೇ. ನಿಮ್ಮ ಆಸೆಯೇನು ಎಂದು ಕೇಳಿದೆ. ಅಕ್ಕ ಗಾಡಿಯ ಹಿಡಿಕೆ ಒರೆಸುತ್ತಾ ಸ್ವಲ್ಪ ಯೋಚಿಸಿದರು.

“ಮೊದಲನೇ ಸಲ ತೀರ್ಪು ಓದಿದಾಗ ಎಲ್ಲರೂ ಎದ್ದು ಹೋದರಂತೆ. ಇವನು ಬಿಟ್ಟುಬಿಟ್ರು ಅಂದ್ಕೊಂಡು, ಅಂಗಿ ಗುಂಡಿ ಹಾಕ್ಕೊಂಡು, ನನ್ನ ಸೌಟು ಪಾತ್ರೆ ಎಲ್ಲಿಂದ ತಗೋಬೇಕು ಅಂತ ಪೊಲೀಸಿನವನ್ನ ಕೇಳಿದನಂತೆ. ಹದಿನಾಲ್ಕು ವರ್ಷ ಅಂತ ಗೊತ್ತಾಗಿದ್ದು ಆಮೇಲೆ, ಇನ್ನೊಬ್ಬ ಕೈದಿ ಬೆರಳು ಮಡಿಸಿ ತೋರಿಸಿದಾಗ. ಈ ಸಲ ಏನೇ ಆಗಲಿ, ಬಿಡಲಿ, ಬಿಡದೇ ಇರಲಿ, ಅವನ ಪಕ್ಕ ನಿಂತು ಅವನ ಮಾತಲ್ಲೇ ಹೇಳೋಳು ನಾನಾಗಿರಬೇಕು. ಆ ದಿನ ಯಾವತ್ತೇ ಬರಲಿ, ರಜೆ ಕೊಡಿ ಅಂತ ಈಗಲೇ ಕೇಳಿಟ್ಟಿದೀನಿ.”