ಹಸಿವು ಹೋಗದ ಅಕ್ಕ

ಅಕ್ಕನಿಗೆ ನಾನು ಹೊಡೆದದ್ದು ಒಂದೇ ಸಲ. ಯಲಬುರ್ಗಾ ಹತ್ತಿರದ ನಮ್ಮೂರಿನ ದನದ ಕೊಟ್ಟಿಗೆಯಲ್ಲಿ, ಎಮ್ಮೆಗೆಂದು ನೆನೆಹಾಕಿದ್ದ ಹಿಂಡಿಯನ್ನು ಆಕೆ ಮುಷ್ಟಿಗಟ್ಟಲೆ ತಿನ್ನುತ್ತಿದ್ದಳು. ಹೊಡೆತ ಬಿದ್ದರೂ ತಿರುಗಿ ಬೀಳಲಿಲ್ಲ. "ಹಸಿವಿ ತಡ್ಯಾಕ ಆಗವಲ್ದು, ತಂಗಿ," ಎಂದು ಬಾಯಿ ಒರೆಸಿಕೊಂಡಳು. ಐದು ರೊಟ್ಟಿ ತಿಂದೆದ್ದು ಅರ್ಧ ತಾಸೂ ಆಗಿರಲಿಲ್ಲ.

ಅದಕ್ಕೂ ಒಂದು ವರ್ಷ ಮೊದಲು ಆಕೆಯ ತಲೆಯೊಳಗಿಂದ ಒಂದು ಗಂಟು ತೆಗೆದಿದ್ದರು. ಮಂಜಾಗುತ್ತಿದ್ದ ಕಣ್ಣು ಉಳಿದವು. ಡಿಗ್ರಿ ಓದುತ್ತಿದ್ದ ಕಡ್ಡಿಯಂಥ ಹುಡುಗಿ ಕೆಲವೇ ತಿಂಗಳಲ್ಲಿ ಎರಡರಷ್ಟಾದಳು. ಮುಟ್ಟು ನಿಂತಿತು. ಕುಷ್ಟಗಿಯಲ್ಲಿ ಗೊತ್ತಾಗಿದ್ದ ಸಂಬಂಧ ಮುರಿಯಿತು. ನಾಲಿಗೆಯ ಮೇಲೆ ಹಿಡಿತವಿಲ್ಲ ಎಂದು ಅವ್ವ ಬೈಯುತ್ತಿದ್ದಳು. ನಾನೂ ಹಾಗೆಯೇ ತಿಳಿದಿದ್ದೆ.

ಹಿಂಡಿಯ ವಿಷಯ ಕೇಳಿದ ಅಪ್ಪ ಮರುದಿನವೇ ನಮ್ಮಿಬ್ಬರನ್ನು ಕೊಪ್ಪಳಕ್ಕೆ ಕರೆದೊಯ್ದ. ಅಲ್ಲಿನ ಡಾಕ್ಟರಮ್ಮ ಹಳೆಯ ಸ್ಕ್ಯಾನ್ ನೋಡಿ ನಿಧಾನವಾಗಿ ಹೇಳಿದರು:

"ಹೊಟ್ಟಿ ತುಂಬೇತಿ ಅಂತ ಮೈ ಸುದ್ದಿ ಕಳಸ್ತೈತಿ. ಅದನ್ನ ತಗೊಂಡು ಸಾಕು ಅನ್ನೋ ಜಾಗ ತಲಿಯೊಳಗ ಒಂದೈತಿ. ಗಂಟು ಅದನ್ನ ಹಾಳು ಮಾಡೇತಿ. ಅಲ್ಲಿ ನರಗಳು ಬಿಡೋ ಸಣ್ಣ ಸಣ್ಣ ರಸದಿಂದನ ಹಸಿವಿ, ತೂಕ, ಮುಟ್ಟು ಎಲ್ಲಾ ನಡೀತಾವ. ಅದಕ್ಕ ಎಲ್ಲಾ ಕೂಡೇ ಕೆಟ್ಟಾವ. ಆಕಿದೇನೂ ತಪ್ಪಿಲ್ರಿ."

ಅಕ್ಕ ತಲೆ ತಗ್ಗಿಸಿಯೇ ಕೇಳಿದಳು. "ಮಕ್ಕಳಾಗೂದಿಲ್ಲೇನ್ರಿ?"

"ಭಾಳ ಕಷ್ಟ ಐತವ್ವಾ."

ಒಂದಿಷ್ಟು ಗುಳಿಗೆ ಬರೆದುಕೊಟ್ಟು, ಅಡುಗೆಮನೆಗೆ ಬೀಗ ಹಾಕಿರಿ ಎಂದರು. ಆ ಹಸಿವಿಗೆ ಅವರ ಬಳಿ ಬೇರೆ ಔಷಧಿ ಇರಲಿಲ್ಲ. ಬಸ್ಸಿನಲ್ಲಿ ಅಕ್ಕನ ಪಕ್ಕದಲ್ಲೇ ಕುಳಿತಿದ್ದೆ. ತಪ್ಪಾಯಿತು ಎನ್ನಬೇಕೆಂದುಕೊಂಡಿದ್ದೆ. ಆಕೆಯೇ ಮೊದಲು ಮಾತಾಡಿದಳು. "ಕೀಲಿ ನಿನ್ನ ಕಡೆ ಇಟ್ಕೊ. ಅವ್ವನ ಕೈಯಾಗ ಬ್ಯಾಡ. ನಾ ಅತ್ರ ಆಕಿ ಕೊಟ್ಟುಬಿಡ್ತಾಳ."

ಎರಡು ವರ್ಷ ಬೀಗ ಹಾಕಿ ತೆಗೆದವಳು ನಾನೇ. ಮಧ್ಯಾಹ್ನ ಎರಡು ರೊಟ್ಟಿ, ಸಂಜೆ ಒಂದು. ಅಕ್ಕ ಬಾಗಿಲ ಹೊರಗೆ ಕೂತು ಬೇಡಿದಳು, ಒಂದು ದಿನ ಕಾಲನ್ನೂ ಹಿಡಿದಳು. ನಾನು ಕೊಡಲಿಲ್ಲ. ಆದರೂ ತೂಕ ಏರುತ್ತಲೇ ಹೋಯಿತು, ಮಲಗಿದರೆ ಉಸಿರು ಕಟ್ಟತೊಡಗಿತು. ಒಂದು ಬೆಳಿಗ್ಗೆ ಅಕ್ಕ ಏಳಲಿಲ್ಲ.

ಸಾವಿನ ಮನೆಗೆ ಮಾತಾಡಿಸಲು ಬಂದ ಹೆಂಗಸರಲ್ಲಿ ಒಬ್ಬಾಕೆ ಪಕ್ಕದವಳಿಗೆ, "ತಿಂದು ತಿಂದು ಸತ್ಲು ನೋಡು," ಎಂದಳು. ಮೆಲ್ಲಗೇ ಹೇಳಿದರೂ ಅವ್ವನಿಗೆ ಕೇಳಿಸಿತು.

"ನನ್ನ ಮಗಳು ಹಸಕೊಂಡ ಸತ್ತಾಳ," ಎಂದಳು ಅವ್ವ.

ಆ ಮಾತು ಸುಳ್ಳೆನ್ನಲು ನನಗೆ ಈಗಲೂ ಆಗುವುದಿಲ್ಲ.