ಎಡಭುಜದ ಅರ್ಧ ಇಂಚು

ನಮ್ಮ ಕೋಟು ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ತಾತನ ಕೈ ನಡುಗಲು ಶುರುವಾದ ಮೇಲೆ ಯಜಮಾನರು ಒಬ್ಬ ಹೆಂಗಸನ್ನು ಕರೆತಂದರು. ಅವಳಿಗೆ ವಿಚ್ಛೇದನವಾಗಿ ಆರು ತಿಂಗಳಾಗಿತ್ತು. ಹತ್ತೊಂಬತ್ತು ವರ್ಷ ಮನೆಯಲ್ಲೇ ಕೂತು ಹೊಲಿದ ಕೈ.

"ಒಂದು ತಿಂಗಳು ನೋಡ್ತೀನಿ. ಕೆಲಸ ಸರಿ ಬಂದ್ರೆ ಕತ್ತರಿಸೋ ಮೇಜು ನಿಂದು. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡ" ಎಂದರು ಯಜಮಾನರು.

ಮೇಜು ಸಿಗದಿದ್ದರೆ ಅವಳು ಮತ್ತೆ ಅಣ್ಣನ ಮನೆಗೇ ಹೋಗಬೇಕಿತ್ತು. ಅಲ್ಲಿ ಅತ್ತಿಗೆ, ಬಂದವರ ಕಣ್ಣಿಗೆ ಬೀಳಬಾರದೆಂದು, ಇವಳ ಹಾಸಿಗೆಯನ್ನು ದಿನಾ ಬೆಳಿಗ್ಗೆ ಸುತ್ತಿ ಅಟ್ಟಕ್ಕೆ ಹಾಕುತ್ತಿದ್ದಳಂತೆ.

ನಾನು ಅಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುವವಳು, ಎಲ್ಲರಿಗೂ ಅಜ್ಜಿ. ಅವಳಿಗೆ ಬುಗುರಿ ಎಂದು ಹೆಸರಿಟ್ಟವಳೂ ನಾನೇ. ಕೂತ ಕಡೆ ಕೂರುತ್ತಿರಲಿಲ್ಲ. ಟೀ ಲೋಟ ಹಿಡಿದೇ ಬಾಗಿಲಿಗೆ ಹೋಗಿ ಬೀದಿ ನೋಡುವಳು, ಬಂದು ಇಸ್ತ್ರಿಪೆಟ್ಟಿಗೆ ಮುಟ್ಟುವಳು, ಗುರುತು ಹಾಕುವ ಸೀಮೆಸುಣ್ಣದ ಚೂರುಗಳನ್ನು ಸಾಲಾಗಿಟ್ಟು ಮತ್ತೆ ತಾನೇ ಕೆದರುವಳು.

"ಏನಮ್ಮ, ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ಯಾ?" ಎಂದು ಮೆಷಿನ್ ತುಳಿಯುವ ಮಾವ ಕೆಣಕುತ್ತಿದ್ದ.

"ಕೂತ್ರೆ ಯೋಚ್ನೆ ಶುರುವಾಗುತ್ತೆ ಮಾವ. ನೀವು ತುಳೀರಿ."

ತಿಂಗಳ ಕೊನೆಯ ವಾರ ಒಬ್ಬ ಮೇಷ್ಟ್ರು ಕೋಟಿಗೆ ಬಟ್ಟೆ ತಂದುಕೊಟ್ಟರು. ನಿವೃತ್ತಿಯ ದಿನ ಹಾಕಿಕೊಳ್ಳಬೇಕೆಂದು ಆಸೆಪಟ್ಟು ಎತ್ತಿಟ್ಟಿದ್ದ ಬಟ್ಟೆ. ಅಂಥದ್ದು ಇನ್ನೊಂದು ತುಂಡು ಸಿಗುವಂತಿರಲಿಲ್ಲ. ಬುಗುರಿ ಅಳತೆ ತೆಗೆದು, ಚೀಟಿಯಲ್ಲಿ ಬರೆದು, ಕತ್ತರಿಸಿದಳು. ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡಿದರೆ ಕೋಟು ಎಡಕ್ಕೆ ಜೋತುಬಿದ್ದಿತ್ತು.

ಮೇಷ್ಟ್ರು ಕನ್ನಡಿ ನೋಡಿಕೊಂಡು, "ನಾನು ಯಾವಾಗಿಂದ ಇಷ್ಟು ಸೊಟ್ಟಗಾದೆ?" ಎಂದರು.

ಅವಳು ಟೇಪು ಹಿಡಿದು ಮತ್ತೆ ಅಳೆದಳು. ಎರಡು ಭುಜವೂ ಸಮ. ಚೀಟಿಯಲ್ಲೂ ಸಮ ಎಂದೇ ಇತ್ತು. ಮೇಷ್ಟ್ರನ್ನು ಬಾಗಿಲ ಬಳಿಯ ಬೆಂಚಿನಲ್ಲಿ ಕೂರಿಸಿ ನನ್ನ ಹತ್ತಿರ ಬಂದಳು.

"ಅಜ್ಜಿ, ಇದು ನಮ್ಮ ಮನೆಯವರ ಭುಜ" ಎಂದವಳು ನಾಲಿಗೆ ಕಚ್ಚಿಕೊಂಡಳು. "ಅವರಿಗೆ ಎಡಗಡೆ ಅರ್ಧ ಇಂಚು ತಗ್ಗು. ಅಷ್ಟು ವರ್ಷ ಅವರ ಬಟ್ಟೆ ಹಾಗೇ ಕತ್ತರಿಸಿದ್ದು. ಕೈ ನನ್ನನ್ನ ಕೇಳಲೇ ಇಲ್ಲ."

ಮಾವ ಮೆಷಿನ್ ನಿಲ್ಲಿಸಿ ಮೆಲ್ಲಗೆ, "ಒಳಗೊಂದು ಪ್ಯಾಡ್ ತುರುಕಿ, ನಿಮ್ಮ ಭುಜವೇ ಹಾಗೆ ಸಾರ್ ಅಂದ್ಬಿಡು. ಯಜಮಾನ್ರ ಕಿವಿಗೆ ಯಾಕೆ ಹಾಕ್ತೀಯ, ಇನ್ನು ನಾಲ್ಕು ದಿನ ಇದೆ ನಿನಗೆ" ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ಅವಳು ಅಂಗಡಿಯ ಉದ್ದಕ್ಕೂ ನಾಲ್ಕು ಸಲ ಓಡಾಡಿದಳು. ಆಮೇಲೆ ಸೀದಾ ಬೆಂಚಿನ ಮುಂದೆ ಹೋಗಿ ನಿಂತಳು. ಯಜಮಾನರು ಪಕ್ಕದಲ್ಲೇ ಇದ್ದರು.

"ಸಾರ್, ನಿಮ್ಮ ಭುಜ ಸರಿಯಾಗೇ ಇದೆ. ತಪ್ಪು ಕತ್ತರಿಸಿದ್ದು ನಾನು. ಬೇರೆಯವರ ಅಳತೆ ಕೈಗೆ ಬಂದ್ಬಿಡ್ತು. ಹೊಲಿಗೆ ಒಳಗೆ ಬಟ್ಟೆ ಬಿಟ್ಟಿದ್ದೀನಿ, ಬಿಚ್ಚಿ ಎತ್ತಿ ಕೊಡ್ತೀನಿ. ನಾಳೆ ಮಧ್ಯಾಹ್ನ ಬನ್ನಿ."

"ಯಾರಮ್ಮ ಆ ಬೇರೆಯವರು?"

"ಈಗ ಯಾರೂ ಅಲ್ಲ ಸಾರ್."

ಯಜಮಾನರು ಕೋಟು ಬಿಚ್ಚಿಸಿಕೊಂಡು ಅವಳ ಮೇಜಿನ ಮೇಲೆ ಹಾಕಿ ಹೋದರು. ಬೈದಿದ್ದರೇ ವಾಸಿ ಇತ್ತು.

ಹೊಲಿಗೆ ಬಿಚ್ಚಲು ನಾನೂ ಬ್ಲೇಡು ಹಿಡಿದು ಕೂತೆ. ಮೇಜಿನ ಕೆಳಗೆ ಅವಳ ಮೊಣಕಾಲು ಕುಣಿಯುತ್ತಲೇ ಇತ್ತು.

"ಗಂಟುಮೂಟೆ ಇವತ್ತೇ ಕಟ್ಟಿಡ್ಲಾ ಅಜ್ಜಿ?"

"ಮೊದ್ಲು ಇದನ್ನ ಬಿಚ್ಚೇ ತಾಯಿ."

ಬಿಚ್ಚಿದ ಮೇಲೆ ಚೀಟಿಯನ್ನು ನನ್ನ ಕೈಗೆ ಕೊಟ್ಟಳು. "ಅಂಕಿ ನೀವು ಜೋರಾಗಿ ಹೇಳಿ. ಕೇಳಿಸಿಕೊಂಡು ಗೆರೆ ಹಾಕ್ತೀನಿ." ನಾನು ಒಂದೊಂದಾಗಿ ಹೇಳಿದೆ. ಅವಳು ಪ್ರತಿ ಅಂಕಿಯನ್ನೂ ಬಾಯಲ್ಲಿ ಹೇಳಿಕೊಂಡೇ ಸೀಮೆಸುಣ್ಣ ಎಳೆದಳು.

ಮರುದಿನ ಮೇಷ್ಟ್ರು ಕೋಟು ತೊಟ್ಟು, ಕಪ್ಪುಹಲಗೆಯ ಮೇಲೆ ಬರೆಯುವವರಂತೆ ಕೈ ಎತ್ತಿ ಇಳಿಸಿ ನೋಡಿ, "ಹಾಂ, ಇದು ನಾನೇ" ಎಂದು ಹೋದರು.

ಯಜಮಾನರು ಅವಳ ಕಡೆ ತಿರುಗಿದರು. "ಪ್ಯಾಡ್ ತುರುಕಿದ್ರೆ ನನಗೆ ಗೊತ್ತಾಗ್ತಿತ್ತು. ಕೋಟಿಗೆ ಇಸ್ತ್ರಿ ಹಾಕೋನು ನಾನೇ" ಎಂದಾಗ ಮಾವ ತಲೆ ಬಗ್ಗಿಸಿ ದಾರ ಪೋಣಿಸತೊಡಗಿದ. "ಮೇಜು ತಗೋ. ಆದ್ರೆ ಅಜ್ಜಿ ಅಂಕಿ ಹೇಳದೆ ಕತ್ತರಿ ಮುಟ್ಟಬೇಡ."

ಬೇರೆ ಯಾರಾದರೂ ಆಗಿದ್ದರೆ ಕೈಮುಗಿಯುತ್ತಿದ್ದರು. ಇವಳು ಮೇಜಿನ ಅಂಚಿಗೆ ಸೊಂಟ ತಾಗಿಸಿ ನಿಂತಳು.

"ಹಾಗಾದ್ರೆ ಇದರ ಕಾಲು ಮೂರು ಇಂಚು ಕೊಯ್ಸಿ. ತಾತ ಉದ್ದ ಇದ್ರು. ನನಗೆ ರಟ್ಟೆ ಸೇದುತ್ತೆ."

"ತಿಂಗಳು ತುಂಬಿಲ್ಲ, ಆಗ್ಲೇ ಕಾಲು ಕೊಯ್ಯೋಕೆ ನಿಂತ್ಲು" ಎಂದ ಮಾವ.

ಯಜಮಾನರು ಗೊಣಗುತ್ತಲೇ ಬಡಗಿಗೆ ಫೋನ್ ಹಚ್ಚಿದರು. ಅವನು ಫೋನ್ ಎತ್ತುವಷ್ಟರಲ್ಲಿ ಅವಳು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಮೇಜಿನ ನಾಲ್ಕೂ ಕಾಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮುಗಿಸಿದ್ದಳು.